ಬಲ್ಬಾರಾಳ ಹೊಗೆಗೂಡು

ಚಳಿಗಾಲಕ್ಕೆ ಮನೆಗೋಡೆಗೆ ಸಗಣಿ ಮೆತ್ತುವುದರಲ್ಲಿ ಲೇನಾ ನದಿದಂಡೆಯ ನಮ್ಮೂರಲ್ಲಿ ಬಲ್ಬಾರಾ ಎತ್ತಿದ ಕೈ. ಒಂದು ಬಿರುಕೂ ಬಿಡುತ್ತಿರಲಿಲ್ಲ. ರಾತ್ರಿ ಶಾಖ ನಿಲ್ಲಲೆಂದು ಹೊಗೆಗೂಡಿಗೆ ಹುಲ್ಲಿನ ಮುಚ್ಚಳ ಹಾಕುವುದು ಮಾತ್ರ ಕೆಂಡವೆಲ್ಲ ಬೂದಿಯಾದ ಮೇಲೆಯೇ.

"ಇರೋ ಶಾಖನೆಲ್ಲ ಅವ್ವ ಆಕಾಶಕ್ಕೆ ಕಳಿಸ್ತಾಳೆ," ಎಂದು ಮಗ ಒಲೊಕ್ಸೊಯ್ ಹಂಗಿಸುತ್ತಿದ್ದ.

"ಚಳಿ ಕಚ್ಚಿ ಎಬ್ಬಿಸ್ತದೆ ಕಣೋ. ಕೆಂಡದ ವಿಷ ಎಬ್ಬಿಸಲ್ಲ."

ಉಗುಳಿದ್ದು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಿದ ಆ ವರ್ಷ, ನಮ್ಮ ಸೀಳಿದ ಗೋಡೆಗೆ ಮೆತ್ತಲು ಬಂದವಳು ಒಂದು ರಾತ್ರಿ ನಮ್ಮಲ್ಲೇ ಉಳಿದಳು. ಅವಳ ಮನೆಯಲ್ಲಿ ಒಲೊಕ್ಸೊಯ್ ಒಬ್ಬನೇ.

ಬೆಳಿಗ್ಗೆ ಅವಳ ಜೊತೆ ಹೋದೆ. ಊರಿನ ಮನೆಗಳಿಂದೆಲ್ಲ ಹೊಗೆ ಏಳುತ್ತಿತ್ತು. ಅವಳ ಹೊಗೆಗೂಡಿನ ಮೇಲೆ ಮುಚ್ಚಳ ಹಾಗೇ ಕೂತಿತ್ತು. ಹಾಲು ಕರೆಯದ ಹಸುಗಳು ಕೂಗುತ್ತಿದ್ದವು.

ಬಲ್ಬಾರಾ ಅಂಗಳದಲ್ಲೇ ನಿಂತು ತನ್ನ ಗೋಡೆಯನ್ನು ಸವರಿದಳು.

"ಒಂದು ಬಿರುಕಾದ್ರೂ ಬಿಡಬೇಕಿತ್ತು ನಾನು," ಎಂದಳು.