ಚಂದ್ರ ಎಷ್ಟು ದೂರ ಅದ?

ಬಸವಕಲ್ಯಾಣದ ಸುತ್ತಲ ಹಳ್ಳಿಗಳಿಗೆ ಕರೆಂಟಿನ ಕಂಬ ಹಾಕಿಸುವ ಕೆಲಸ ನನ್ನದಾಗಿದ್ದ ಕಾಲ. ಒಂದು ಸಂಜೆ ಕೋಟೆಯ ಬುರುಜಿನ ಮೇಲೆ ನಿಂತು, ನಾರಾಯಣಪುರದ ಕಡೆಯ ಕಂಬಗಳನ್ನು ದುರ್ಬೀನಿನಲ್ಲಿ ನೋಡುತ್ತಿದ್ದೆ. ರಂಜಾನ್ ಹಬ್ಬದ ಚಂದ್ರನನ್ನು ನೋಡಲು ಬಂದ ಮಂದಿಯೂ ಅಲ್ಲೇ ನೆರೆದಿದ್ದರು. "ಕಂಡ್ತು!" ಎಂದು ಎಲ್ಲರೂ ಕೂಗಿದರು. ಒಬ್ಬ ಮುದುಕರು ಮಾತ್ರ ಇನ್ನೂ ಕಣ್ಣು ಕಿರಿದು ಮಾಡಿ ಆಕಾಶದಲ್ಲಿ ಹುಡುಕುತ್ತಿದ್ದರು.

"ಚಾಚಾ, ನಿಮಗ ಕಾಣಲಿಲ್ಲೇನ್ರಿ?" ಎಂದೆ.

"ಹೊಲಿಗಿ ಮಾಡಿ ಮಾಡಿ ಕಣ್ಣು ಮಂಜಾಗ್ಯಾವ್ರಿ ಸಾಹೇಬ್ರ. ಮಂದಿ ಕಂಡ್ತು ಅಂದ್ರ ನಾನೂ ದುವಾ ಮಾಡ್ತೀನಿ."

ದುರ್ಬೀನನ್ನು ಅವರ ಕಣ್ಣಿಗೆ ಹಿಡಿದು ಮೆಲ್ಲಗೆ ತಿರುಪು ತಿರುಗಿಸಿದೆ. ಅವರು ಎರಡೂ ಕೈಯಿಂದ ದುರ್ಬೀನನ್ನು ಹಿಡಿದುಕೊಂಡರು.

"ಯಾ ಅಲ್ಲಾ! ಎಷ್ಟು ವರ್ಷಾತು ನಿನ್ನ ನೋಡಿ!"

ಕೆನ್ನೆಯ ಮೇಲೆ ನೀರಿಳಿಯುತ್ತಿದ್ದರೂ ದುರ್ಬೀನು ಬಿಡಲಿಲ್ಲ. ಆಮೇಲೆ ಕೇಳಿದರು, "ಒಳಗ ಸಣ್ಣ ಗೆರಿ ಕಾಣಾಕತ್ತಾವಲ್ರಿ, ಅವು ಯಾಕ?"

"ದೂರ ತಿಳಿಯಾಕ್ರಿ. ಕಂಬದ ಎತ್ತರ ಗೊತ್ತಿದ್ರ, ಅದು ಎಷ್ಟು ಗೆರಿ ತುಂಬತದ ನೋಡಿ ಲೆಕ್ಕಾ ಹಾಕ್ತೀವಿ."

"ಹಂಗಾರ ಚಂದ್ರ ಎಷ್ಟು ದೂರ ಅದ?"

"ಅದು ಎಷ್ಟು ದೊಡ್ಡದು ಅಂತ ನನಗ ಗೊತ್ತಿಲ್ರಿ ಚಾಚಾ."

"ಮಾಡಿದಾವಗ ಗೊತ್ತದ ಬಿಡ್ರಿ" ಎಂದು ನಕ್ಕರು.

ನಾನೂ ನೋಡಿದೆ. ದಿನವೂ ಕಂಬಗಳನ್ನು ಅಳೆದ ಅದೇ ಗೆರೆಗಳ ಹಿಂದೆ, ಯಾವ ಲೆಕ್ಕಕ್ಕೂ ಸಿಗದೆ ಚಂದ್ರ ಹೊಳೆಯುತ್ತಿದ್ದ.

"ನಾಳೆ ಹಬ್ಬ, ಶೀರ್ ಖುರ್ಮಾ ಕುಡಿಯಾಕ ಮನಿಗೆ ಬರ್ರಿ. ಇಲ್ಲೇ ಸಮೀಪ ಅದ" ಎಂದರು ಚಾಚಾ.

ಮರುದಿನ ಬಿಸಿಲಲ್ಲಿ ಆ 'ಸಮೀಪ'ವನ್ನು ನಡೆದು ಮುಗಿಸುವಷ್ಟರಲ್ಲಿ ನನ್ನ ಕಾಲುಗಳು ಬಿದ್ದುಹೋಗಿದ್ದವು.