ಪೈಲ್ವಾನರ ಧೋಬಿ ಪಛಾಡ್

ಏಕೀಕರಣದ ಹೊಸತರಲ್ಲಿ ನಾನು ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಕುಸ್ತಿಯ ಸುದ್ದಿ ಬರೆಯುತ್ತಿದ್ದೆ. ಗಜೇಂದ್ರಗಡದ ಅಖಾಡದಲ್ಲಿ ಹೆಸರಾಂತ ಪೈಲ್ವಾನರೊಬ್ಬರು ತಮ್ಮ ಖಾಸಾ ಪಟ್ಟು ಧೋಬಿ ಪಛಾಡ್ ಹಾಕಿ, ಅಬ್ಬಿಗೇರಿಯ ಭೀಮಪ್ಪನನ್ನು ಅರಿವೆ ಒಗೆದಂತೆ ನೆಲಕ್ಕೆ ಒಗೆದರು. ರೋಣದಲ್ಲೂ ನರಗುಂದದಲ್ಲೂ ಅವರು ಒಗೆದದ್ದು ಇದೇ ಭೀಮಪ್ಪನನ್ನು. ಗೆದ್ದವರನ್ನು ಹೆಗಲ ಮೇಲೆ ಹೊತ್ತು ಮೆರೆಸುವುದು ರೂಢಿ. ಆದರೆ ಪೈಲ್ವಾನರ ಹೊಟ್ಟೆ ಕಂಡು ಜನ ಹಿಂದೆ ಸರಿದರು. ಕೊನೆಗೆ ಸೋತ ಭೀಮಪ್ಪನೇ ಮೈಯ ಮಣ್ಣು ಕೊಡವಿ ಬಂದು, ಒಬ್ಬನೇ ಅವರನ್ನು ಎತ್ತಿ ಹೆಗಲಿಗೇರಿಸಿಕೊಂಡ.

"ಇಷ್ಟ ಕಸುವಿದ್ದಾಂವ ಸೋತಿ ಹ್ಯಾಂಗೋ?" ಎಂದೆ.

"ಅವ್ರು ಎತ್ತೂವಾಗ ನಾನ ಜಿಗೀಬೇಕ್ರಿ. ಇಲ್ಲಂದ್ರ ಅವ್ರ ಸೊಂಟ ಉಳಕತೈತಿ," ಎಂದ.

ಮೇಲಿನಿಂದ ಪೈಲ್ವಾನರು ಗದರಿದರು: "ಮಾತು ಸಾಕಲೇ, ಗಟ್ಟಿ ಹಿಡಿ, ಬೀಳತೇನಿ."

ಅಂದಿನ ಕುಸ್ತಿಯಲ್ಲಿ ಬೀಳುವುದಕ್ಕೆ ಯಾರಾದರೂ ಖರೇ ಹೆದರಿದ್ದು ಅದೊಂದೇ ಸಲ.