ಗಿಟಾರಿನ ಮೇಲೆ ಮಾತ್ರ ಮಡಚುವ ಬೆರಳು

ಮೂರನೆಯ ಆಲ್ಬಮ್ಮಿನ ರೆಕಾರ್ಡಿಂಗ್ ನಡೆಯುತ್ತಿದ್ದ ಒಂದು ಶುಕ್ರವಾರ ಮಧ್ಯಾಹ್ನ, ನನ್ನ ಎಡಗೈಯ ಉಂಗುರ ಬೆರಳು ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ತಂತಿಯ ಮೇಲೆ ಇಡಲು ಹೋದರೆ ಅದು ಅಂಗೈಯೊಳಕ್ಕೆ ಮಡಚಿಕೊಂಡಿತು. ನೋವಿಲ್ಲ, ಜೋಮಿಲ್ಲ. ಯಾರೋ ಒಳಗಿನಿಂದ ದಾರ ಕಟ್ಟಿ ಎಳೆದ ಹಾಗೆ. ಬಲಗೈಯಿಂದ ಬಿಡಿಸಿ ಮತ್ತೆ ಇಟ್ಟೆ. ಮತ್ತೆ ಮಡಚಿತು.

“ಎಂತ ಆಯ್ತು?” ಎಂದರು ಆರ್ಗನ್ ಮುಂದೆ ಕೂತಿದ್ದ ಅಂಕಲ್.

“ಬಾತ್‌ರೂಮಿಗೆ ಹೋಗಿ ಬರ್ತೇನೆ.”

ಬಾಗಿಲು ಹಾಕಿಕೊಂಡು ಅಂಗಿಯ ಗುಂಡಿ ಬಿಚ್ಚಿ ಮತ್ತೆ ಹಾಕಿದೆ, ಬೆರಳು ಮಾತು ಕೇಳಿತು. ನಲ್ಲಿ ತಿರುಗಿಸಿದೆ, ಆಗಲೂ ಕೇಳಿತು. ಕನ್ನಡಿಯಲ್ಲಿ ನಕ್ಕು ಬಾಯಿ ಒಂದು ಬದಿಗೆ ಸೊಟ್ಟಗಾಗಿದೆಯೇ ಎಂದು ನೋಡಿದೆ. ನಾನು ನರ್ಸ್. ಪಾರ್ಶ್ವವಾಯು ಹೇಗೆ ಶುರುವಾಗುತ್ತದೆಂದು ಗೊತ್ತು. ಬಾಯಿ ನೆಟ್ಟಗಿತ್ತು, ಆದರೂ ಇನ್ನೊಮ್ಮೆ ನಕ್ಕು ನೋಡಿದೆ.

ಗಿಟಾರ್ ಕಲಿಸಿದ್ದು ಪಪ್ಪ. ಮಂಗಳೂರಿನ ಕಡೆಯ ಮದುವೆಗಳಲ್ಲಿ ಅವರು ಬ್ಯಾಂಡಿನ ಜೊತೆ ನುಡಿಸುತ್ತಿದ್ದರು. ನರ್ಸಿಂಗ್ ಮುಗಿಸಿ ಕುವೈತಿಗೆ ಬರುವಾಗ ನಾನು ಗಿಟಾರನ್ನು ಬಟ್ಟೆಗಳ ನಡುವೆ ಸುತ್ತಿ ತಂದೆ. ಇಲ್ಲಿ ರಜೆ ಶುಕ್ರವಾರ, ಹಾಗಾಗಿ ಚರ್ಚಿನಲ್ಲಿ ನಮ್ಮ ಪೂಜೆಯೂ ಶುಕ್ರವಾರವೇ. ಚರ್ಚಿನ ಗಾಯನವೃಂದದಲ್ಲಿ ಆರ್ಗನ್ ನುಡಿಸುತ್ತಿದ್ದ ಗೋವಾದ ಈ ಹಿರಿಯ ಅಂಕಲ್ಲೇ ನನಗೆ ಸೋಲ್ ಜಾಝಿನ ರುಚಿ ಹತ್ತಿಸಿದವರು. ಚರ್ಚಿನ ಹಾಡಿನ ಉಸಿರು, ಜಾಝಿನ ತಾಳ, ಕೇಳಿದವರ ಕಾಲು ತಾನಾಗಿ ನೆಲ ತಟ್ಟಬೇಕು, ಅಂಥ ಸಂಗೀತ. ಸಾಲ್ಮಿಯಾದ ಒಂದು ಮನೆಯ ನೆಲಮಾಳಿಗೆಯಲ್ಲಿ ಈಜಿಪ್ಟಿನವನೊಬ್ಬ ಸ್ಟುಡಿಯೋ ಇಟ್ಟುಕೊಂಡಿದ್ದ. ಮೊದಲ ಆಲ್ಬಮ್ ಅಲ್ಲೇ ಮಾಡಿ ಪರಿಚಯದವರಿಗೆ ಹಂಚಿದೆವು. ಎರಡನೆಯದನ್ನು ಅಂತರ್ಜಾಲದಲ್ಲಿ ಹಾಕಿದಾಗ, ಯಾವುದೋ ದೂರದ ದೇಶದ ರೇಡಿಯೋದವರು ಒಂದು ಹಾಡನ್ನು ಪ್ರಸಾರ ಮಾಡಿದರು. ಅದನ್ನು ಕೇಳಿದ ದಿನ ಅಬ್ಬಾಸಿಯಾದ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆ. ಮೂರನೆಯದು ಅದಕ್ಕಿಂತ ಚೆನ್ನಾಗಿರಬೇಕೆಂದು ಸ್ವರಗಳ ಒಂದೇ ಒಂದು ಕಷ್ಟದ ಸಾಲನ್ನು ತಿಂಗಳುಗಟ್ಟಲೆ ನುಡಿಸಿ ನುಡಿಸಿ ತಿಕ್ಕಿದೆ. ಬೆರಳು ಮಡಚಿದ್ದು ಆ ಸಾಲಿನಲ್ಲೇ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ಶುಐಬಾದ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದಾನೆ, ಮಾತು ಕಡಿಮೆ.

“ಕ್ಲಿನಿಕ್‌ನಲ್ಲಿ ಕೈ ಸರಿ ಉಂಟಲ್ಲ?” ಎಂದ.

“ಇವತ್ತಿನವರೆಗೆ ಉಂಟು.”

“ಹಾಗಾದ್ರೆ ಗಿಟಾರ್ ಬಿಡು ಮಾರಾಯ್ತಿ. ಇಂಜೆಕ್ಷನ್ ಕೊಡ್ಲಿಕ್ಕೆ ಆಗದಿದ್ರೆ ಕೆಲಸ ಹೋಯ್ತು, ಇಲ್ಲಿ ಇರ್ಲಿಕ್ಕೆ ಬೇಕಾದ ಇಕಾಮಾ ಹೋಯ್ತು. ಮಗಳ ಶಾಲೆ ನೆನಪುಂಟಾ?”

ಅವನು ಹೇಳಿದ್ದು ನಿಜ, ಅದಕ್ಕೇ ಇನ್ನಷ್ಟು ಹೆದರಿದೆ.

ಮರುದಿನ ಜಹ್ರಾದ ಕ್ಲಿನಿಕ್ಕಿನಲ್ಲಿ ಮೊದಲು ಬಂದವರು ಒಬ್ಬ ಕುವೈತಿ ಅಜ್ಜಿ. ರಕ್ತ ತೆಗೆಯಬೇಕಿತ್ತು. ಆ ವಯಸ್ಸಿನವರ ರಕ್ತನಾಳ ಮುಟ್ಟಿದರೆ ಜಾರುತ್ತದೆ. ಎಡಗೈಯಿಂದ ಚರ್ಮ ಬಿಗಿಹಿಡಿದೆ. ಈಗ ಮಡಚುತ್ತದೆ, ಈಗ ಮಡಚುತ್ತದೆ ಎಂದು ಸೂಜಿಗಿಂತ ಬೆರಳನ್ನೇ ನೋಡುತ್ತಿದ್ದೆ. ಹಣೆಯ ಬೆವರು ಕನ್ನಡಕದ ಮೇಲೆ ಬಿತ್ತು.

“ಹುಷಾರಿಲ್ಲವಾ ಮಗಳೇ?” ಎಂದು ಅಜ್ಜಿ ಅರಬ್ಬಿಯಲ್ಲಿ ಕೇಳಿದರು.

ಸೂಜಿ ಸರಿಯಾಗಿ ಹೋಯಿತು. ಬೆರಳು ಅಲುಗಲಿಲ್ಲ. ಅಂದು ಸಂಜೆ ಮೀನು ಕೊಯ್ದೆ, ಮಗಳಿಗೆ ಜಡೆ ಹಾಕಿದೆ, ಎಲ್ಲದಕ್ಕೂ ಬೆರಳು ಮಾತು ಕೇಳಿತು. ಆಮೇಲೆ ಗಿಟಾರ್ ತೊಡೆಯ ಮೇಲೆ ಇಟ್ಟೆ. ತಂತಿ ಮುಟ್ಟುವ ಮೊದಲೇ ಅದು ಒಳಕ್ಕೆ ಮಡಚಿತು. ನನ್ನ ಕೈಯನ್ನು ಕಂಡು ನನಗೇ ಹೆದರಿಕೆಯಾಯಿತು.

ನರರೋಗದ ಡಾಕ್ಟರು ಗಿಟಾರ್ ತರಲು ಹೇಳಿ, ನುಡಿಸಿ ತೋರಿಸು ಎಂದರು. ನುಡಿಸಿದ್ದನ್ನು ನೋಡಿದ ಮೇಲೆ, ವಾದ್ಯ ನುಡಿಸುವವರಿಗೆ ಹೀಗಾಗುವುದುಂಟು ಎಂದರು. ಒಂದೇ ಚಲನೆಯನ್ನು ಅತಿಯಾಗಿ ಮಾಡಿ ಮಾಡಿ, ಮೆದುಳು ಆ ಕೆಲಸಕ್ಕೆ ಮಾತ್ರ ತಪ್ಪು ಆಜ್ಞೆ ಕಳಿಸುತ್ತದೆಯಂತೆ.

“ನನ್ನ ನರ್ಸಿಂಗ್ ಕೆಲಸ?”

“ಅದಕ್ಕೆ ತೊಂದರೆ ಆಗಲಿಕ್ಕಿಲ್ಲ.”

“ಆಗಲಿಕ್ಕಿಲ್ಲವಾ, ಆಗುವುದೇ ಇಲ್ಲವಾ?”

“ಇಲ್ಲವೇ ಇಲ್ಲ ಅಂತ ನಾನು ಹೇಗೆ ಹೇಳಲಿ? ಸಾಮಾನ್ಯವಾಗಿ ಹರಡುವುದಿಲ್ಲ” ಎಂದರು. ಸಾಮಾನ್ಯವಾಗಿ ಎಂಬ ಆ ಮಾತನ್ನು ಹೊತ್ತುಕೊಂಡೇ ಬಸ್ಸಿನಲ್ಲಿ ಮನೆಗೆ ಬಂದೆ.

ಮುಂದಿನ ಪೂಜೆಯಾದ ಮೇಲೆ ಚರ್ಚಿನ ಅಂಗಳದಲ್ಲಿ ಅಂಕಲ್‌ಗೆ ಎಲ್ಲವನ್ನೂ ಹೇಳಿದೆ. ಆಲ್ಬಮ್ಮಿಗೆ ಬೇರೆ ಯಾರನ್ನಾದರೂ ನೋಡಿ ಎಂದೂ ಹೇಳಿದೆ.

ಅವರು ನನ್ನ ಕೈ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. “ತೋರುಬೆರಳು, ನಡುಬೆರಳು ಸರಿ ಉಂಟಾ?”

“ಸದ್ಯಕ್ಕೆ ಉಂಟು.”

“ಎರಡರಲ್ಲೇ ನುಡಿಸು. ನಿನ್ನ ಕಷ್ಟದ ಸಾಲು ಬೇಡ. ಅದನ್ನು ನಾನು ಆರ್ಗನ್‌ನಲ್ಲಿ ನುಡಿಸ್ತೇನೆ.”

“ಮಧ್ಯದಲ್ಲಿ ನಿಂತುಹೋದ್ರೆ?”

“ನಿಂತುಹೋಗು. ನಾನು ನಿಲ್ಲಿಸುವುದಿಲ್ಲ.”

ಮತ್ತೆ ನಡೆದ ಆ ರೆಕಾರ್ಡಿಂಗಿಗೆ ಹೆದರಿದಷ್ಟು ನಾನು ಯಾವುದಕ್ಕೂ ಹೆದರಿದ್ದಿಲ್ಲ. ಕೆಂಪು ದೀಪ ಹತ್ತಿತು. ಅಂಕಲ್ ಆರ್ಗನ್ ಶುರುಮಾಡಿದರು, ಡ್ರಮ್ಮಿನವನು ಸೇರಿಕೊಂಡ. ನಾನು ಬರಬೇಕಾದ ಜಾಗ ಬಂತು, ಹೋಯಿತು. ಕೈ ಏಳಲಿಲ್ಲ. ಅಂಕಲ್ ನನ್ನ ಕಡೆ ತಿರುಗಲೂ ಇಲ್ಲ, ಅದೇ ಸುತ್ತನ್ನು ಮತ್ತೆ ಹಿಡಿದರು. ಮತ್ತೊಮ್ಮೆ ತಪ್ಪಿಸಿಕೊಂಡೆ. ಮತ್ತೆ ಸುತ್ತು. ಕೊನೆಗೆ ಒಂದು ಸ್ವರ ಹಾಕಿದೆ, ಒಂದೇ. ಅದು ಸರಿಯಾದ ಜಾಗದಲ್ಲಿ ಕೂತಿತು. ಇನ್ನೊಂದು ಹಾಕಿದೆ. ಉಂಗುರ ಬೆರಳು ಮಡಚಿಕೊಂಡೇ ಇತ್ತು, ಉಳಿದೆರಡು ಬೆರಳು ಅದರ ಪಕ್ಕದಲ್ಲಿ ಹೆಜ್ಜೆ ಇಟ್ಟು ನಡೆದವು. ಅವೂ ಯಾವಾಗ ಕೈಕೊಡುತ್ತವೋ ಎಂದು ಹಾಡು ಮುಗಿಯುವವರೆಗೂ ಕಾಯುತ್ತಿದ್ದೆ.

“ಖಲಾಸ್, ಮುಗಿಯಿತು,” ಎಂದ ಸ್ಟುಡಿಯೋದವನು, ಗಾಜಿನ ಆಚೆಯಿಂದ. “ಇದನ್ನೇ ಇಡೋಣ.”

ಹಾಗೆ ಆ ಆಲ್ಬಮ್ ಹೊರಬಂತು. ಹಿಂದಿನದಕ್ಕಿಂತ ಹೆಚ್ಚು ಜನ ಕೇಳಿದರು, ಸ್ವರಗಳ ನಡುವೆ ಬಿಟ್ಟ ಜಾಗವನ್ನು ಹೊಗಳಿದರು. ಮಗಳು ಮಾತ್ರ ಹೆಡ್‌ಫೋನ್ ತೆಗೆದು, “ಮಮ್ಮಿ, ಯು ಸೌಂಡ್ ಸೋ ಸ್ಕೇರ್ಡ್,” ಎಂದಳು.

“ಹೌದು, ಹೆದರಿಕೆ ಆಗಿತ್ತು,” ಎಂದೆ.

ಗಿಟಾರ್ ಬಿಡು ಎಂದಿದ್ದ ಗಂಡನೇ ಈಗ ಪ್ರತಿ ಶುಕ್ರವಾರ ನನ್ನನ್ನು ಸಾಲ್ಮಿಯಾದ ಸ್ಟುಡಿಯೋಗೆ ಕಾರಿನಲ್ಲಿ ಬಿಡುತ್ತಾನೆ. ಕೆಂಪು ಸಿಗ್ನಲ್ ಬಂದಾಗಲೆಲ್ಲ ನನ್ನ ಎಡಗೈಯನ್ನು ಓರೆಗಣ್ಣಿನಿಂದ ನೋಡುತ್ತಾನೆ.